ಕೇಬಲ್ ಹುದ್ದೆಗೇರಿದ ಓಲೆಕಾರ

ಬಹಳ ಹಿಂದೆ, ಷೇರುಪೇಟೆ ಇದ್ದರೂ ಹೊಳೆಗೆ ಸೇತುವೆ ಇಲ್ಲದಿದ್ದ ಕಾಲದಲ್ಲಿ, ಸನ್ಮಾನಪುರವೆಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಹಸ್ತಾಕ್ಷರವರ್ಮರು. ಅಲ್ಲಿ ಒಂದು ಪದ್ಧತಿ. ಯಾವ ಕೆಲಸವೇ ಆಗಲಿ, ವೇದಿಕೆಯ ಮೇಲೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರೆ ಮುಗಿದ ಹಾಗೇ. ಮಾಡುವುದು ಆಮೇಲಿನ ಮಾತು, ಆಮೇಲೆ ಯಾರಿಗೂ ಪುರುಸೊತ್ತಿರುತ್ತಿರಲಿಲ್ಲ.

ಅರಮನೆಯ ಓಲೆಗಳನ್ನು ಆಚೆ ದಡದ ಏಳು ಹಳ್ಳಿಗಳಿಗೆ ಮುಟ್ಟಿಸುವವನು ದ್ಯಾವಣ್ಣ. ಓಲೆಯನ್ನು ತಲೆಯ ಮೇಲಿಟ್ಟುಕೊಂಡು ಇಪ್ಪತ್ತೆರಡು ವರ್ಷ ಎದೆಮಟ್ಟದ ನೀರು ದಾಟಿದ್ದ. ಅವನ ಮನೆ ಆಚೆ ದಡದಲ್ಲಿ, ಸೂಲಗಿತ್ತಿ ಚೌಡಮ್ಮನ ಮನೆ ಈಚೆ ದಡದಲ್ಲಿ. ಮಗಳು ಪುಟ್ಟನಂಜಿ ಬಸುರಿ, ದಿನ ತುಂಬುವುದು ಸರಿಯಾಗಿ ಮಳೆಗಾಲಕ್ಕೆ. ಸೇತುವೆಗೆಂದು ಹಳ್ಳಿಯವರು ಹತ್ತು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ ನಿಧಿ ಅರಮನೆಯಲ್ಲಿತ್ತು. ಈ ವರ್ಷವಾದರೂ ಕಟ್ಟಿಯಾರು ಎಂದು ದ್ಯಾವಣ್ಣ ಕಾಯುತ್ತಿದ್ದ.

ಅಷ್ಟರಲ್ಲಿ ಅರ್ಥಮಂತ್ರಿ ಸುಖಶೇಖರ ಪರದೇಶದಿಂದ ಒಂದು ಪೆಟ್ಟಿಗೆ ತಂದ. ಅದರ ಮೇಲೆ ಐದು ಹಸಿರು ದೀಪಗಳು ಮಿನುಗುತ್ತಿದ್ದವು. ಇದು ಕೇಬಲ್ ಮೋಡೆಂ, ಇದೊಂದಿದ್ದರೆ ಜಗತ್ತೇ ಮನೆಗೆ ಬರುತ್ತದೆ, ಇದನ್ನು ತಯಾರಿಸುವವರಲ್ಲಿ ಹೂಡಿಕೆ ಮಾಡುವುದೇ ಇಂದಿನ ರಾಜಧರ್ಮ ಎಂದು ಅರಿಕೆ ಮಾಡಿದ.

"ಹಾಗಾದರೆ ನಮ್ಮ ಪ್ರಜೆಗಳು ಹೊಳೆ ದಾಟುವ ಪ್ರಮೇಯವೇ ಇಲ್ಲ" ಎಂದರು ಮಹಾರಾಜರು.

"ಪ್ರಭುಗಳ ದೂರದೃಷ್ಟಿಗೆ ಹತ್ತಿರದ ಹೊಳೆ ಎಂದಾದರೂ ಕಂಡದ್ದುಂಟೇ" ಎಂದ ಮಂತ್ರಿ. ಹೊಗಳಿಕೆ ಎಂದುಕೊಂಡು ಮಹಾರಾಜರು ಮುಗುಳ್ನಕ್ಕರು.

ಸೇತುವೆಯ ನಿಧಿ ಮೋಡೆಂ ಷೇರಿಗೆ ಹೋಯಿತು. ತಯಾರಕರು ಮೂವರು: ಪೆಟ್ಟಿಗೆಯವನು, ಒಳಗಿನ ಚಿಪ್‌ನವನು, ದೀಪದವನು. ಸೋಮವಾರ ಪೆಟ್ಟಿಗೆಯವನಿಗೂ ಚಿಪ್‌ನವನಿಗೂ 'ಕಾರ್ಯತಂತ್ರಾತ್ಮಕ ಸಹಭಾಗಿತ್ವ' ಏರ್ಪಟ್ಟಿತು. ಮಂಗಳವಾರ ಚಿಪ್‌ನವನಿಗೂ ದೀಪದವನಿಗೂ. ಬುಧವಾರ ದೀಪದವನು ಪೆಟ್ಟಿಗೆಯವನನ್ನು ತಬ್ಬಿಕೊಂಡ. ಶಾಲು ಅದೇ, ಹೆಗಲು ಮಾತ್ರ ಬೇರೆ. ಒಂದೊಂದು ಶಾಲಿಗೂ ಷೇರು ಏರಿತು, ಏರಿದ್ದು ಕಂಡು ಮಹಾರಾಜರು ಇನ್ನಷ್ಟು ಕೊಂಡರು, ಕೊಂಡದ್ದಕ್ಕೆ ಇನ್ನಷ್ಟು ಏರಿತು.

ಗುರುವಾರ ಕೇಬಲ್ ಎಳೆಯುವವನು ಬಂದ. ಗುಂಡಿ ತೋಡುವ ಆಸಾಮಿ, ಮೊಣಕಾಲಿನವರೆಗೆ ಕೆಸರು. ವೇದಿಕೆಗೆ ಕೆಂಪು ಜಮಖಾನ ಹಾಸಿದ್ದರಿಂದ ಶಿಷ್ಟಾಚಾರದ ಅಧಿಕಾರಿಗಳು ಅವನನ್ನು ಕೆಳಗೇ, ಇನ್ನೊಬ್ಬ ಕೆಸರುಗಾಲಿನವನಾದ ದ್ಯಾವಣ್ಣನ ಪಕ್ಕದಲ್ಲಿ, ನಿಲ್ಲಿಸಿದರು. ಶಾಲು ಬೀಳದವನು ಪಾಲುದಾರನಲ್ಲ, ಪಾಲುದಾರನಲ್ಲದವನ ಸರಕು ರಾಜ್ಯಕ್ಕೆ ಬೇಡ. ಅವನು ಒಂದು ಬಾಳೆಹಣ್ಣು ತಿಂದು ತನ್ನೂರಿನ ದಾರಿ ಹಿಡಿದ.

ಮನೆಮನೆಗೂ ಮೋಡೆಂ ಬಂತು. ದೀಪ ಮಿನುಗಿತು. ಬೇರೇನೂ ಆಗಲಿಲ್ಲ. ಕೆಲವರು ಅರಿಸಿನ ಕುಂಕುಮ ಹಚ್ಚಿ ನೋಡಿದರು. ಕಡೆಗೆ ದ್ಯಾವಣ್ಣ ಧೈರ್ಯ ಮಾಡಿ ಆಸ್ಥಾನದಲ್ಲಿ ಕೈಮುಗಿದ.

"ಬುದ್ಧಿ, ಈ ಪೆಟ್ಟಿಗೆಗೂ ಆ ಪೆಟ್ಟಿಗೆಗೂ ಮಧ್ಯ ಏನೋ ಇರಬೇಕಂತೆ. ಅದನ್ನ ಎಳೆಯೋನು ಅವತ್ತೇ ಹೊಂಟೋದ."

ಮಂತ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇಷ್ಟು ವರ್ಷ ಮಧ್ಯೆ ಇದ್ದವನು ಯಾರು?"

"ನಾನೇ, ಬುದ್ಧಿ."

"ಪ್ರಭು, ಕೇಬಲ್ ನಮ್ಮಲ್ಲೇ ಇದೆ. ಅದೂ ಸ್ವದೇಶಿ" ಎಂದ ಮಂತ್ರಿ.

ದ್ಯಾವಣ್ಣ ಅಂದೇ 'ಪ್ರಭಾರ ಕೇಬಲ್' ಆದ. ಅರಮನೆಯ ಮೋಡೆಂ ಮುಂದಿನ ಓಲೆಯನ್ನು ಹಳ್ಳಿಯ ಮೋಡೆಂ ಮುಂದೆ ಇಡುವುದು ಅವನ ಕರ್ತವ್ಯ. ಕೇಬಲ್ ಆದವನು ಡೇಟಾ ಬಿಟ್ಟು ಬೇರೇನೂ ಸಾಗಿಸಕೂಡದೆಂದು ನಿಯಮವಾಯಿತು. ನೋಡಿಕೊಳ್ಳಲು ಹೊಳೆದಂಡೆಯಲ್ಲಿ ಒಬ್ಬ ಕಾವಲುಗಾರ ಕೂತ.

ಮಳೆ ಹಿಡಿಯಿತು. ಒಂದು ಬೆಳಗ್ಗೆ ಪುಟ್ಟನಂಜಿಗೆ ನೋವು ಶುರುವಾಯಿತು. ದ್ಯಾವಣ್ಣ ಬಿದ್ದೆದ್ದು ಹೊಳೆ ದಾಟಿ ಚೌಡಮ್ಮನನ್ನು ದಡಕ್ಕೆ ಕರೆತಂದ. ಕಾವಲುಗಾರ ಕೋಲು ಅಡ್ಡ ಹಿಡಿದ. ಮುದುಕಿಯನ್ನು ಹೊರಲು ಕೇಬಲ್‌ಗೆ ಅಧಿಕಾರವಿಲ್ಲ. ದ್ಯಾವಣ್ಣನಿಗೆ ಅಳು ಬಂತು. ಚೌಡಮ್ಮನಿಗೆ ಸಿಟ್ಟು ಬಂತು.

"ನಾನೂ ಡೇಟಾನೇ ಅಂತ ಬರ್ಕೊಳ್ಳಪ್ಪ. ಅಲ್ಲಿ ಕೂಸು ನಿನ್ನ ಕಾನೂನು ಕೇಳ್ಕೊಂಡು ಒಳಗೇ ಕೂತಿರಲ್ಲ."

ಕಾವಲುಗಾರ ಬರೆದುಕೊಂಡ. ದ್ಯಾವಣ್ಣ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗಿಳಿದ. ನೀರು ಗಲ್ಲಕ್ಕೆ ಬಂದಾಗ ಜೀವಮಾನದಲ್ಲಿ ಮೊದಲ ಸಲ ಅವನಿಗೆ ಆ ಹೊಳೆಯ ಭಯವಾಯಿತು. ಚೌಡಮ್ಮ ಅವನ ಜುಟ್ಟು ಬಿಗಿಹಿಡಿದು, ಮಗಳ ಮುಖ ನೆನೆಸ್ಕೋ, ನಡಿ ಎಂದಳು. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಅಜ್ಜನಾದವನು ಮೂಲೆಯಲ್ಲಿ ಒದ್ದೆ ಬಟ್ಟೆಯಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತ.

ಮರುದಿನ ಅರಮನೆ ಡಂಗುರ ಹೊಡೆಸಿತು: ಕೇಬಲ್ ಮುಖಾಂತರ ಜಗತ್ತಿನ ಪ್ರಥಮ ಹೆರಿಗೆ ಯಶಸ್ವಿ. ಷೇರು ಗಗನಕ್ಕೇರಿತು. ಮೂವರು ತಯಾರಕರೂ ಸೇರಿ ಮಹಾರಾಜರಿಗೆ ಶಾಲು ಹೊದಿಸಿ, 'ಸಂಪರ್ಕ ಚಕ್ರವರ್ತಿ' ಎಂಬ ಕಿರೀಟ ತೊಡಿಸಿದರು. ದ್ಯಾವಣ್ಣ ವೇದಿಕೆಯ ಕೆಳಗೆ ನಿಂತು ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟುತ್ತಿದ್ದರು.

ಸಮಾರಂಭ ಮುಗಿದ ಮೇಲೆ ಅವನ ಕೈಗೆ ಏಳು ಹಳ್ಳಿಗಳಿಗೆ ಮುಟ್ಟಿಸಬೇಕಾದ ಒಂದು ಓಲೆ ಬಂತು. ಒಬ್ಬ ಸೂಲಗಿತ್ತಿಯಿಂದಾಗಿ ಡೇಟಾ ಮಿತಿ ಮೀರಿದ್ದು, ಮನೆಯೊಂದಕ್ಕೆ ಎರಡು ಪಲ್ಲ ರಾಗಿ ದಂಡ. ಹಳ್ಳಿಗಳು ಈಗ ಸಂಪೂರ್ಣ ಸಂಪರ್ಕದಲ್ಲಿರುವುದರಿಂದ ಸೇತುವೆ ಯೋಜನೆ ರದ್ದು. ದ್ಯಾವಣ್ಣ ಅದನ್ನು ಎರಡು ಸಲ ಓದಿ, ಮಡಿಸಿ, ನೆನೆಯದಂತೆ ತಲೆಯ ಮೇಲಿಟ್ಟುಕೊಂಡು ಹೊಳೆಗಿಳಿದ.