ಇಟಲಿಯ ಚಿತ್ರದ ಮೇಲೆ ನಲವತ್ತನಾಲ್ಕರ ಸೊಂಟ

ಕಾಗದದಲ್ಲಿ ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಚಟವೋ ಕಸುಬೋ ನನಗೇ ಗೊತ್ತಿಲ್ಲ. ಗಲ್ಫಿನ ಥುಕ್ಬಾದಲ್ಲಿ ದರ್ಜಿಯಾಗಿ ಇಪ್ಪತ್ತೆರಡು ವರ್ಷವಾಯಿತು. ಅಂಗಡಿಯಲ್ಲಿ ಅಳತೆ ಪುಸ್ತಕವೊಂದಿದೆ, ಆದರೆ ಬೇಕಾದಾಗೆಲ್ಲ ಅದು ಬಟ್ಟೆಯ ರಾಶಿಯಡಿ ಮಲಗಿರುತ್ತದೆ. ಹಾಗಾಗಿ ಗಿರಾಕಿ ತಂದ ನಮೂನೆಯ ಚಿತ್ರದ ಮೇಲೆಯೇ ಅಳತೆ ಗೀಚಿ, ಮೂಲೆಗೆ ಬಟ್ಟೆಯ ತುಂಡೊಂದನ್ನು ಸ್ಟೇಪ್ಲರ್ ಹೊಡೆದುಬಿಡುತ್ತೇನೆ. ಎಲ್ಲ ಒಟ್ಟಿಗಿದ್ದರೆ ಒಬ್ಬನ ಕೋಟು ಇನ್ನೊಬ್ಬನ ಮೈಗೆ ಹೋಗುವುದಿಲ್ಲ ನೋಡಿ. ನಮ್ಮ ಮದುವೆಯ ಕರೆಯೋಲೆಯ ಮೇಲೂ ಯಾರದೋ ಪಾಯಜಾಮದ ಉದ್ದವಿದೆ. ಕಾಪುವಿನಲ್ಲಿರುವ ನನ್ನ ಹೆಂಡತಿ ಇವತ್ತಿಗೂ ಫೋನಿನಲ್ಲಿ ಜಗಳ ತೆಗೆದರೆ ಅಲ್ಲಿಂದಲೇ ಶುರುಮಾಡುತ್ತಾಳೆ.

ಕಳೆದ ತಿಂಗಳು ಇಟಲಿಯ ಎಂಜಿನಿಯರೊಬ್ಬರು ಬಂದರು. ದೊಡ್ಡ ಹೊಟ್ಟೆ, ಸಣ್ಣ ದನಿ. ಅವರು ವಾಸವಿರುವ ವಿದೇಶಿಯರ ಕಾಂಪೌಂಡಿನಲ್ಲಿ ಹಳೇ ಕಾಲದ ವೇಷ ಹಾಕುವ ಪಾರ್ಟಿಯಂತೆ. ಪ್ಲಾಸ್ಟಿಕ್ ಫೋಲ್ಡರಿನಿಂದ ಹಳದಿಗಟ್ಟಿದ ಕಾಗದವೊಂದನ್ನು ತೆಗೆದು, "ಇದೇ ತರಹ, ಗುರುವಾರಕ್ಕೆ" ಎಂದರು. ಗರಿಯ ಟೋಪಿ, ಉಬ್ಬಿದ ತೋಳು, ನಿಲುವಂಗಿಯ ಗಂಡಸೊಬ್ಬ ಬೆನ್ನು ತಿರುಗಿಸಿ ನಿಂತಿದ್ದ. ಕಂದು ಶಾಯಿಯ ಗೆರೆ, ನೀರು ಬೆರೆಸಿದ ಶಾಯಿಯ ನೆರಳು, ಅಷ್ಟೇ. ಆದರೂ ಬಟ್ಟೆಯ ಭಾರ ಕಣ್ಣಿಗೆ ಕಾಣುತ್ತಿತ್ತು. ಭುಜದಲ್ಲಿ ಇದನ್ನು ಹೇಗೆ ಕತ್ತರಿಸಿರಬಹುದು ಎಂದು ಯೋಚಿಸುತ್ತಲೇ ಟೋಪಿಯ ಪಕ್ಕದಲ್ಲಿ ನೀಲಿ ಬಾಲ್‌ಪೆನ್ನಿನಿಂದ ಇಂಗ್ಲಿಷಿನಲ್ಲಿ ಎದೆ 46, ಸೊಂಟ 44, ತೋಳು ಇಷ್ಟು ಎಂದು ಬರೆದೆ. ಬೂಟಿನ ಬಳಿ ಕೆಂಪು ಮಖಮಲ್ಲಿನ ತುಂಡೊಂದನ್ನು ಸ್ಟೇಪ್ಲರ್ ಹೊಡೆದೆ. ಎಂಜಿನಿಯರು ಆಗ ಫೋನಿನಲ್ಲಿ ಮಾತಾಡುತ್ತಿದ್ದರು.

ಮರುದಿನ ಅವರ ಹೆಂಡತಿ ಗಂಡನನ್ನು ಎಳೆದುಕೊಂಡೇ ಬಂದರು. ಮೇಜಿನ ಮೇಲಿದ್ದ ಚಿತ್ರ ನೋಡಿದವರು ಬಾಯಿಗೆ ಕೈ ಹಿಡಿದು ಸ್ಟೂಲಿನ ಮೇಲೆ ಕುಸಿದರು. ಅದು ಅಚ್ಚಿನದಲ್ಲವಂತೆ. ಅವರ ದೇಶದ ದೊಡ್ಡ ಕಲಾವಿದನೊಬ್ಬ ಕೈಯಾರೆ ಬರೆದದ್ದು, ಮುತ್ತಜ್ಜನ ಕಾಲದಿಂದ ಮನೆಯಲ್ಲಿರುವುದು. ಫೋಟೋ ತೆಗೆದು ತೋರಿಸಿ ಎಂದು ಆಕೆ ಹೇಳಿದರೆ ಈ ಮಹಾನುಭಾವ ಫ್ರೇಮಿನಿಂದ ಚಿತ್ರವನ್ನೇ ಬಿಚ್ಚಿ ತಂದಿದ್ದರು. ಇಸ್ತ್ರಿ ಮಾಡುತ್ತಿದ್ದ ಅಂಗಡಿಯ ಹಿರಿಯ ಹಮೀದಾಕ, "ಎಂತ ಮಾಡಿದ್ದು ಮಾರಾಯಾ ನೀನು? ಅದೂ ಬಾಲ್‌ಪೆನ್ನಲ್ಲಿ!" ಎಂದು ನಿಂತುಬಿಟ್ಟರು. ಇಸ್ತ್ರಿಪೆಟ್ಟಿಗೆಯಡಿ ಯಾರೋ ಅರಬನ ಉದ್ದಂಗಿ ಥೋಬು ಸುಟ್ಟ ವಾಸನೆ ಬಂತು.

ಆಕೆ ಬಯ್ದಿದ್ದರೆ ಸಮಾಧಾನವಾಗುತ್ತಿತ್ತು. ಸದ್ದಿಲ್ಲದೆ ಅತ್ತರು. ಆಕೆ ಉಗುರಿನಲ್ಲಿ ಸ್ಟೇಪ್ಲರ್ ಪಿನ್ನು ಬಿಡಿಸುತ್ತಿದ್ದಾಗ ಗಂಡ ಬಗ್ಗಿ ನೋಡಿ, "ನಲವತ್ತನಾಲ್ಕೇ? ನನ್ನ ಸೊಂಟ ನಲವತ್ತಲ್ಲವೇ?" ಎಂದರು. ಆಕೆ ಅವರನ್ನು ನೋಡಿದ ನೋಟ ನನ್ನ ಕಡೆ ತಿರುಗಲಿಲ್ಲವಲ್ಲ, ಅಲ್‌ಹಮ್ದುಲಿಲ್ಲಾಹ್. ಶಾಯಿ ತೆಗೆಯುವ ತಜ್ಞರು ತಮ್ಮ ದೇಶದಲ್ಲಿದ್ದಾರೆ, ಕಳಿಸಿ ನೋಡುತ್ತೇನೆ ಎಂದು ಆಕೆ ಚಿತ್ರ ಎತ್ತಿಕೊಂಡರು. ಬಾಗಿಲಲ್ಲಿ ನಿಂತು, "ವೇಷ ಮಾತ್ರ ಹೊಲಿಯಿರಿ. ಇಷ್ಟಾದ ಮೇಲೆ ಇವರು ಅದನ್ನು ಹಾಕಲೇಬೇಕು" ಎಂದರು. ಇನ್ನು ಜನ್ಮದಲ್ಲಿ ಯಾವ ಕಾಗದದ ಮೇಲೂ ಚುಕ್ಕೆ ಇಡುವುದಿಲ್ಲ ಎಂದು ನಾನು ಆಗಲೇ ಆಣೆ ಮಾಡಿದೆ.

ಮಾರನೆಯ ಬೆಳಿಗ್ಗೆ ಮಖಮಲ್ಲು ಹಾಸಿ ಸೀಮೆಸುಣ್ಣ ಹಿಡಿದಾಗ ಹೊಳೆಯಿತು. ಅಳತೆ ಎಲ್ಲಿದೆ? ಚಿತ್ರದ ಮೇಲೆ! ಸೊಂಟ ಬಿಟ್ಟರೆ ಬೇರೆ ಒಂದೂ ನೆನಪಿಲ್ಲ. ಎಂಜಿನಿಯರು ಕೆಲಸದ ಮೇಲೆ ಮರುಭೂಮಿಗೆ ಹೋಗಿದ್ದರು, ಬರುವುದು ಗುರುವಾರವೇ. ಒಂದು ಗಂಟೆ ಬೆವರಿ, ಕೊನೆಗೆ ಫೋನ್ ಮಾಡಿದೆ.

"ಮೇಡಂ, ಅಳಿಸಲಿಕ್ಕೆ ಕಳಿಸುವ ಮೊದಲು ಆ ಟೋಪಿಯ ಪಕ್ಕದಲ್ಲಿ ಬರೆದದ್ದನ್ನು ಸ್ವಲ್ಪ ಓದಿ ಹೇಳ್ತೀರಾ?"

ಆ ಕಡೆ ಫೋಲ್ಡರು ಬಿಚ್ಚುವ ಸದ್ದಾಯಿತು. ಆಮೇಲೆ ಒಂದೊಂದೇ ಅಂಕಿಯನ್ನು ನಿಧಾನವಾಗಿ ಓದಿದರು. ಕೈಗೆ ಸಿಕ್ಕಿದ ಕಾಗದದ ಮೇಲೆ ಗಡಿಬಿಡಿಯಲ್ಲಿ ಬರೆದುಕೊಂಡೆ. ಫೋನ್ ಇಟ್ಟು ತಿರುಗಿದರೆ ಹಮೀದಾಕ ನನ್ನನ್ನೇ ನೋಡುತ್ತಿದ್ದರು. ನಾನು ಬರೆದಿದ್ದ ಆ ಕಾಗದ, ಆಗಷ್ಟೇ ಅವರು ನನ್ನ ಕೈಗಿತ್ತಿದ್ದ, ಅವರ ಮಗಳ ಮದುವೆಯ ಕರೆಯೋಲೆ.