ಬಳೆಗಾರನ ಬಾಜಿ

ನಿಜ ಹೇಳಿಸಲು ಮನುಷ್ಯನಿಂದ ಆಣೆ ಮಾಡಿಸುವ ಪದ್ಧತಿಯನ್ನು ಮೊದಲು ಯಾರು ತಂದರೋ ನನಗೆ ತಿಳಿಯದು. ತಂದವರು ಒಂದು ದಿನವಾದರೂ ಕೋರ್ಟಿನಲ್ಲಿ ಕುಳಿತಿರಲಿಕ್ಕಿಲ್ಲ. ನಾನು ಕುಳಿತಿದ್ದೇನೆ. ನಿಜಾಮರ ಕಾಲದಲ್ಲಿ ಅಫಜಲಪುರದ ಮುನಸೀಫರ ಕಚೇರಿಯಲ್ಲಿ ಪೇಶಕಾರನಾಗಿದ್ದೆ. ಸಾಹೇಬರ ಮುಂದೆ ಕಾಗದಪತ್ರ ಇಡುವುದು, ಸಾಕ್ಷಿಗಳಿಂದ ಪ್ರಮಾಣ ಮಾಡಿಸುವುದು, ಇವೆರಡು ನನ್ನ ಕೆಲಸ. ದೇವರು ಹಾಜರ್-ನಾಜರ್, ಅಂದರೆ ಇಲ್ಲೇ ಇದ್ದು ನೋಡುತ್ತಿದ್ದಾನೆ, ಎಂದು ತಿಳಿದು ನಿಜವನ್ನೇ ಹೇಳುತ್ತೇನೆ ಎಂದು ನಾನು ಉರ್ದುವಿನಲ್ಲಿ ಹೇಳುತ್ತಿದ್ದೆ, ಸಾಕ್ಷಿ ತನಗೆ ಬಂದಂತೆ ತೊದಲುತ್ತಿದ್ದ, ಆಮೇಲೆ ಸುಳ್ಳು ಸುರುವಾಗುತ್ತಿತ್ತು. ಜೇವರ್ಗಿ ಕಡೆಯ ಒಬ್ಬ ರೈತನಂತೂ ಪ್ರಮಾಣ ಮಾಡಿ, ತಲೆಯ ರುಮಾಲು ಸರಿಪಡಿಸಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ, "ಆಣಿ ಮುಗೀತಲ್ರಿ ಸಾಹೇಬ್ರ? ಇನ್ನ ವಕೀಲರು ಕಲಿಸಿದ್ದು ಹೇಳ್ಲ್ಯಾ?" ಎಂದು ಕೇಳಿದ್ದ. ನನ್ನ ಅಷ್ಟು ವರ್ಷದ ನೌಕರಿಯಲ್ಲಿ ಕಟಕಟೆಯೊಳಗಿಂದ ಬಂದ ಒಂದೇ ಒಂದು ಪ್ರಾಮಾಣಿಕ ಮಾತು ಅದು.

ಇಂಥ ಜಾಗದಲ್ಲಿ ವಾರವಿಡೀ ಕಳೆದವನಿಗೆ ನಿಜದ ಹಸಿವಾಗುವುದು ಸಹಜ. ಅದನ್ನು ತೀರಿಸಿಕೊಳ್ಳಲು ನಾನು ಗುಡಿಗೆ ಹೋಗುತ್ತಿದ್ದೆ ಎಂದು ಬರೆದರೆ ಓದುವವರಿಗೂ ಸಂತೋಷ, ನನಗೂ ಮರ್ಯಾದೆ. ಆದರೆ ನಾನು ಹೋಗುತ್ತಿದ್ದುದು ಕುದುರೆ ಜೂಜಿಗೆ. ಬೇಸಿಗೆಯಲ್ಲಿ ಭೀಮೆ ಸೊರಗಿ ಒಂದು ಮಗ್ಗುಲಿಗೆ ಸರಿದರೆ ಉಳಿದ ಪಾತ್ರದಲ್ಲಿ ಗಟ್ಟಿ ಮರಳಿನ ಒಳ್ಳೆಯ ಮೈದಾನ ಸಿಗುತ್ತಿತ್ತು. ಶುಕ್ರವಾರ ಕಚೇರಿಗೆ ರಜೆ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಣ್ಣೂರಿನ ಕೆಂಪು ಕುದುರೆ, ಕೊಳಕೂರ ಗೌಡರ ಬಿಳಿ ಕುದುರೆ, ಊರಿನ ಟಾಂಗಾಗಳಿಂದ ಬಿಚ್ಚಿ ತಂದ ಒಂದೆರಡು ಬಡಕಲು ಪ್ರಾಣಿಗಳು ಅಲ್ಲಿ ಓಡುತ್ತಿದ್ದವು. ಸರಕಾರಿ ನೌಕರ ಜೂಜಿಗೆ ಹೋಗುವಂತಿಲ್ಲ. ಹೆಂಡತಿ ನೀಲಮ್ಮನಿಗೂ ಅದು ಸೇರದು ಎಂದು ನಾನು ತಿಳಿದಿದ್ದೆ. ಆದ್ದರಿಂದ ಪ್ರತಿ ಶುಕ್ರವಾರ ನಾನು ಯಾವುದೋ ಹೊಲದ ತಕರಾರಿನ ಜಾಗ ನೋಡಲು ಹೋಗುತ್ತಿದ್ದೆ. ತಾಲೂಕಿನಲ್ಲಿ ಇಷ್ಟು ಹೊಲಗಳಿವೆಯೇ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಅವಳ ಮುಗ್ಧತೆಯನ್ನು ಕಂಡು ನನಗೆ ಒಮ್ಮೊಮ್ಮೆ ಕನಿಕರವಾಗುತ್ತಿತ್ತು.

ಅಲ್ಲಿ ಬಾಜಿ ಹಿಡಿಯುತ್ತಿದ್ದವನು ಬಳೆಗಾರ ದಸ್ತಗೀರಸಾಬ. ವಾರವೆಲ್ಲ ಹೆಗಲಿಗೆ ಬಳೆಯ ಮಲಾರ ಹಾಕಿಕೊಂಡು ಮನೆಮನೆ ತಿರುಗುವವನು, ಶುಕ್ರವಾರ ಒಂದು ಜಾಲಿಮರದ ಕೆಳಗೆ ಚಾಪೆ ಹಾಸಿ ಕೂಡುತ್ತಿದ್ದ. ಚೀಟಿಯಿಲ್ಲ, ಕಾಗದವಿಲ್ಲ, ಸಾಕ್ಷಿಯಿಲ್ಲ. ಕುದುರೆಯ ಹೆಸರು ಹೇಳಿ ರೊಕ್ಕ ಚಾಪೆಯ ಮೇಲಿಟ್ಟರೆ ಮುಗಿಯಿತು. ಗೆದ್ದವನು ಜನರ ಗದ್ದಲದಲ್ಲಿ ಮರೆತು ಹೊರಟರೂ ಇವನೇ ಕೂಗಿ ಕರೆದು ಕೊಡುತ್ತಿದ್ದ. ಯಾರು ಯಾವ ಕುದುರೆಗೆ ಕಟ್ಟಿದ್ದಾರೆಂದು ಪಕ್ಕದವನಿಗೂ ಹೇಳುತ್ತಿರಲಿಲ್ಲ. ನಾನೊಮ್ಮೆ ಉಪಾಯದಿಂದ ಕೇಳಿ ನೋಡಿದೆ. "ಬಳಿ ಇಡಸೋ ಕೈ ನಡುಗಿದ್ರ ಬಳಿ ಒಡೀತಾವ್ರಿ ಸಾಹೇಬ್ರ. ನಾಲಿಗಿ ನಡುಗಿದ್ರ ಧಂದೆನೇ ಒಡೀತದ," ಎಂದು ನಕ್ಕುಬಿಟ್ಟ.

ಅವನ ಈ ನಂಬಿಕೆಯನ್ನು ಪರೀಕ್ಷಿಸಿದವರು ನಮ್ಮ ವಕೀಲ ನರಸಿಂಗರಾಯರು. ಆ ಶುಕ್ರವಾರ ಅವರು, ನಾನು ಇಬ್ಬರೂ ಬಿಳಿ ಕುದುರೆಗೆ ಕಟ್ಟಿದ್ದೆವು. ರಾಯರು ನನ್ನ ಪಕ್ಕದಲ್ಲೇ ನಿಂತು, ಆಚೆಯ ದಂಡೆಗೆ ಕೇಳುವಂತೆ "ಬಿಳೇದು" ಎಂದಿದ್ದರು. ಬಿಳಿ ಕುದುರೆ ಅರ್ಧ ದಾರಿಯಲ್ಲಿ ನೀರಿನ ವಾಸನೆ ಹಿಡಿದು ಹೊಳೆಯ ಕಡೆ ತಿರುಗಿತು, ಕೆಂಪು ಗೆದ್ದಿತು. ರಾಯರು ಶಲ್ಯ ಕೊಡವಿ ಚಾಪೆಯ ಮುಂದೆ ಬಂದು, "ಎಲ್ಲಿ, ನನ್ನ ಗೆದ್ದ ರೊಕ್ಕ ಕೊಡು," ಎಂದರು.

"ತಾವು ಬಿಳೇದು ಅಂದಿದ್ರೆಲ್ರಿ?"

"ನಾ ಕೆಂಪು ಅಂದೇನಿ. ಬಿಳೇದು ಅಂದಿದ್ದಕ್ಕ ಕಾಗದ ಅದ ಏನು? ಸಾಕ್ಷಿ ಯಾರು?"

ಸಾಕ್ಷಿ ಎಂದ ಕೂಡಲೆ ನಾನು ನದಿಯ ಕಡೆ ತಿರುಗಿ ಕೊಕ್ಕರೆಗಳನ್ನು ನೋಡತೊಡಗಿದೆ. ದಸ್ತಗೀರಸಾಬ ರಾಯರ ಮುಖವನ್ನೊಮ್ಮೆ ನೋಡಿ, "ತಾವು ಕೆಂಪು ಅಂದ್ರ ಕೆಂಪೇ ಆತ್ರಿ," ಎಂದು ಪೂರ್ತಿ ರೊಕ್ಕ ಕೊಟ್ಟ. ಮರುವಾರ ರಾಯರು ಮತ್ತೆ ಬಂದು ಚಾಪೆಯ ಮುಂದೆ ನಿಂತು ಎಷ್ಟು ಸಲ ಕುದುರೆಯ ಹೆಸರು ಹೇಳಿದರೂ ಅವನು ಕಿವಿಗೆ ಕೈ ಹಚ್ಚಿ, "ಯಾಕೋ ತಮ್ಮ ಮಾತು ನನಗ ಕೇಳಸವಲ್ದ್ರಿ," ಎನ್ನುತ್ತಿದ್ದ. ಅಲ್ಲಿಗೆ ರಾಯರ ಜೂಜು ನಿಂತಿತು. ಈ ಸುದ್ದಿ ಊರಲ್ಲಿ ಹರಡಿ ಅವರ ವಕೀಲಿ ಮಾತ್ರ ಬೆಳೆಯಿತು. ದಸ್ತಗೀರಸಾಬನಂಥವನಿಂದ ಸೋತ ಬಾಜಿಯನ್ನು ಗೆದ್ದು ತಂದವರು ನಮ್ಮ ಸೋತ ಮೊಕದ್ದಮೆಯನ್ನು ಬಿಟ್ಟಾರೆಯೇ ಎಂದು ಕಕ್ಷಿದಾರರು ಸಾಲುಗಟ್ಟಿದರು.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಮುನಸೀಫ ಸಾಹೇಬರಿಗೆ ಚಳಿಜ್ವರ ಬಂದು ಕಚೇರಿ ಬೇಗ ಮುಗಿಯಿತು. ಮನೆಗೆ ಬಂದರೆ ನಮ್ಮ ಕಟ್ಟೆಯ ಮೇಲೆ ದಸ್ತಗೀರಸಾಬ! ಮಾತಿನ ಮಧ್ಯೆ ಕುದುರೆಯ ಸುದ್ದಿ ಬಂದರೆ ನನ್ನ ಹೊಲಗಳೆಲ್ಲ ಒಂದೇ ಹೊಡೆತಕ್ಕೆ ಹೊಳೆಗೆ ಬೀಳುತ್ತವೆ. ಅವನು ಎದ್ದು ಸಲಾಮು ಮಾಡಿ "ಪೇಶಕಾರ ಸಾಹೇಬ್ರ..." ಎನ್ನುತ್ತಿದ್ದಂತೆಯೇ ನಾನು, "ಯಾರಪಾ ನೀ? ಯಾರ ಮನಿ ಬೇಕಾಗಿತ್ತು?" ಎಂದುಬಿಟ್ಟೆ. ಊರಿನ ಪ್ರತಿ ಹೆಣ್ಣುಮಗಳ ಕೈಗೂ ಬಳೆ ಇಡಿಸಿದವನನ್ನು ಕೇಳುವ ಪ್ರಶ್ನೆಯೇ ಅದು!

ನನ್ನ ಮಾತು ಮುಗಿಯುವುದರೊಳಗೆ ನೀಲಮ್ಮ ಬಾಗಿಲಿಗೆ ಬಂದಳು. ನನ್ನನ್ನು ಕಂಡವಳೇ ಅವನ ಕಡೆ ತಿರುಗಿ, "ನಮ್ಮ ಮನಿಗ್ಯಾಕ ಬಂದಿಪಾ? ಇಲ್ಲಿ ಯಾರೂ ಕರಸಿಲ್ಲ," ಎಂದು, ನನ್ನ ಕಡೆ ನೋಡಿ, "ಈ ಮನುಷ್ಯಾನ ನಾ ನೋಡೇ ಇಲ್ರಿ," ಎಂದಳು.

ದಸ್ತಗೀರಸಾಬ ಅವಳನ್ನು ನೋಡಿದ, ನನ್ನನ್ನು ನೋಡಿದ. ಅವನು ನಿಜದ ಒಂದು ಮಾತು ಆಡಿದ್ದರೆ ಸಾಕಿತ್ತು, ನನ್ನ ಗುಟ್ಟು ಬಯಲಾಗುತ್ತಿತ್ತು. "ತಪ್ಪಾತ್ರಿ, ಮನಿ ತಪ್ಪಿ ಬಂದೇನಿ," ಎಂದು ಮಲಾರ ಹೆಗಲಿಗೇರಿಸಿ ಬಿಸಿಲಿಗಿಳಿದ. ನಾವಿಬ್ಬರೂ ಒಳಗೆ ಹೋಗಿ, ಈಗೀಗ ಗುರುತಿಲ್ಲದ ಜನ ಊರಲ್ಲಿ ಬಹಳ ತಿರುಗುತ್ತಿದ್ದಾರೆಂದೂ ಬಾಗಿಲ ಚಿಲಕ ಗಟ್ಟಿ ಮಾಡಿಸಬೇಕೆಂದೂ ಗಂಭೀರವಾಗಿ ಮಾತಾಡಿದೆವು.

ಊಟಕ್ಕೆ ಕುಳಿತಾಗ ನನಗೆ ಹೊಳೆಯಿತು. ನನ್ನ ಸುಳ್ಳಿಗೆ ಕಾರಣವಿತ್ತು, ಇವಳದಕ್ಕೇನು? ರೊಟ್ಟಿ ಬಡಿಸುವ ಕೈ ನೋಡಿದೆ. ಯುದ್ಧದ ಕಾಲ, ಗಾಜಿನ ಬಳೆಗೂ ಬಂಗಾರದ ಬೆಲೆ. ಇವಳ ಕೈತುಂಬ ಹೊಸ ಹಸಿರು ಬಳೆ. ಕೇಳಿದಾಗಲೆಲ್ಲ ತವರುಮನೆ ಮಾದನಹಿಪ್ಪರಗಾದಿಂದ ಅವ್ವ ಕಳಿಸಿದ್ದು ಎನ್ನುತ್ತಿದ್ದಳು. ಬಾಯಿಬಿಟ್ಟು ವಿಚಾರಿಸೋಣವೆಂದರೆ ಮೊದಲು ನಾನೇ ಕಟಕಟೆ ಹತ್ತಬೇಕು. ಸುಮ್ಮನೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಶುಕ್ರವಾರ ಎಂದಿನಂತೆ ಹೊಳೆಗೆ ಹೋಗಿ ಚಾಪೆಯ ಮೇಲೆ ರೊಕ್ಕ ಇಟ್ಟೆ. ದಸ್ತಗೀರಸಾಬ ಅದನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದ.

"ಯಾಕ ದಸ್ತಗೀರಸಾಬ? ನನ್ನ ಮಾತೂ ಕೇಳಸವಲ್ದೇನು?"

"ಕೇಳಸ್ತದ್ರಿ. ಆದ್ರ ಮನಿ ಮುಂದ ನನ್ನ ಗುರ್ತೇ ಇಲ್ಲಂದ್ರಿ. ಗುರ್ತಿಲ್ಲದವರ ಮಾತಿನ ಮ್ಯಾಲ ನಾ ಹ್ಯಾಂಗ ಬಾಜಿ ಹಿಡೀಲ್ರಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ದೂರದಲ್ಲಿ ಒಂದು ಬಂಡೆಯ ಮೇಲೆ ನರಸಿಂಗರಾಯರು ಒಬ್ಬರೇ ಕುಳಿತಿದ್ದರು. "ಬರ್ರಿ, ಬರ್ರಿ ಪೇಶಕಾರ್ರ," ಎಂದು ಪ್ರೀತಿಯಿಂದ ಸರಿದು ಜಾಗ ಮಾಡಿಕೊಟ್ಟರು. ಕಾನೂನು ಬಲ್ಲ ನಾವಿಬ್ಬರು ಅಲ್ಲಿಂದಲೇ ಜೂಜು ನೋಡಿದೆವು.

ಆ ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಪಶ್ಚಾತ್ತಾಪದಿಂದ ಎಂದುಕೊಳ್ಳಬೇಡಿ, ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ನೀಲಮ್ಮ ಸೆರಗು ಬಾಯಿಗೆ ಹಚ್ಚಿ ನಗತೊಡಗಿದಳು. ಓಣಿಯ ಹೆಂಗಸರೆಲ್ಲ ವರ್ಷದಿಂದ ದಸ್ತಗೀರಸಾಬನ ಹತ್ತಿರ ಕುದುರೆಗೆ ಕಟ್ಟುತ್ತಿದ್ದರಂತೆ. ಗೆದ್ದವರಿಗೆ ರೊಕ್ಕದ ಬದಲು ಬಳೆ. ಆ ಮಧ್ಯಾಹ್ನ ಅವನು ಬಂದದ್ದು ಇವಳು ಗೆದ್ದ ಬಳೆ ಇಡಿಸಲು.

"ಹಂಗಾರ ನೀನೂ ಗುರ್ತಿಲ್ಲ ಅಂದ್ಯಲ್ಲ? ನಿನ್ನ ಬಾಜಿ ಹಿಡೀತಾನೇನು?"

"ನಾ ಅವತ್ತೇ ಸಂಜಿಕ ಬಾಜೂಮನಿ ಬಸಲಿಂಗಮ್ಮನ ಕರ್ಕೊಂಡು ಅವರ ಮನಿಗಿ ಹೋಗಿ, ತಪ್ಪಾತು ಅಣ್ಣಾ ಅಂದೇನ್ರಿ. ಅವನ ಹೇಣತಿ ಚಹಾ ಕೊಟ್ಟಳು. ಅಷ್ಟೇರಿ."

ಅಷ್ಟೇ! ಎರಡು ಶಬ್ದ! ಅವು ನನಗೂ ಬರುತ್ತಿದ್ದವು. ಆದರೆ ಸರಕಾರಿ ಪೇಶಕಾರ ಬಳೆಗಾರನ ಮನೆಗೆ ಹೋಗಿ ಆಡುವ ಶಬ್ದಗಳೇ ಅವು? ಕೊನೆಗೆ, ನನ್ನ ಬಾಜಿಯನ್ನೂ ನೀಲಮ್ಮನೇ ಕಟ್ಟುವುದೆಂದು ನಿರ್ಧಾರವಾಯಿತು. ಗುರುವಾರವೇ ಅವಳು ಬಂದು ಈ ಸಲ ಯಾವ ಕುದುರೆ ಎಂದು ಬಹಳ ಆಸ್ಥೆಯಿಂದ ಕೇಳುತ್ತಿದ್ದಳು. ನಾನು ಕಾಲು, ಗೊರಸು, ತಳಿಗಳನ್ನು ವಿವರಿಸಿ ಹೇಳುತ್ತಿದ್ದೆ. ಕ್ರಮೇಣ ಬಸಲಿಂಗಮ್ಮನೂ ಬಂದು ಬಾಗಿಲ ಮರೆಯಲ್ಲಿ ಕೂಡತೊಡಗಿದಳು, ಆಮೇಲೆ ಓಣಿಯ ಮತ್ತೆ ನಾಲ್ಕಾರು ಹೆಂಗಸರು. ಕಚೇರಿಯಲ್ಲಿ ಯಾರೂ ಕೇಳದ ನನ್ನ ಮಾತನ್ನು ಇಷ್ಟು ಜನ ಉಸಿರು ಬಿಗಿಹಿಡಿದು ಕೇಳುವುದನ್ನು ಕಂಡು ನನಗೆ ತುಸು ಗರ್ವವೂ ಬಂದಿತ್ತು. ನಾನು ಹೇಳಿದ ಕುದುರೆ ಮಾತ್ರ ಒಮ್ಮೆಯೂ ಗೆಲ್ಲಲಿಲ್ಲ. ಅದೇಕೋ ಅವರ ಭಕ್ತಿಯೂ ಕಡಿಮೆಯಾಗಲಿಲ್ಲ.

ಒಂದು ಗುರುವಾರ ನನಗೆ ಮೈಯಲ್ಲಿ ಹುಷಾರಿಲ್ಲದೆ ಒಳಗೆ ಮಲಗಿದ್ದೆ. ಹೊರಗೆ ಬಸಲಿಂಗಮ್ಮನ ಗಾಬರಿಯ ದನಿ ಕೇಳಿಸಿತು: "ಯವ್ವಾ ನೀಲಮ್ಮ, ಹ್ಯಾಂಗರೆ ಮಾಡಿ ಸಾಹೇಬರ್ನ ಎಬ್ಬಸಿ ಒಂದು ಮಾತು ಕೇಳಬೇ. ಅವರು ಯಾವುದು ಗೆಲ್ತದ ಅಂತಾರ ಗೊತ್ತಾಗದ, ನಾವು ಅದನ್ನ ಬಿಟ್ಟು ಕಟ್ಟೋದಾದ್ರೂ ಹ್ಯಾಂಗ?"