ದೊಡ್ಡ ವಾಲ್ವಿನ ಮದುವೆ ಕಾರು

ಯೋಚನೆ ಮಾಡುವ ವಿಷಯದಲ್ಲಿ ನಾನು ಆತುರದವನಲ್ಲ. ಒಂದು ಛತ್ರಿ ಕೊಳ್ಳಬೇಕಾದರೂ ಒಂದು ಮಳೆಗಾಲ ನೆನೆದು ನೋಡಿಯೇ ಕೊಳ್ಳುವವನು. ಹಾಗಾಗಿ, ನಮ್ಮ ಕಾರಿನ ಎಂಜಿನ್ನಿಗೆ ದೊಡ್ಡ ವಾಲ್ವು ಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಾಗ, ಅದನ್ನು ತೀರ್ಮಾನಿಸಲು ಇಡೀ ಚನ್ನಗಿರಿಯಲ್ಲಿ ನನಗಿಂತ ಯೋಗ್ಯರಿಲ್ಲ ಎಂದು ನನಗೆ ಖಾತ್ರಿಯಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತಿದು. ನನ್ನದು ಜವಳಿ ಅಂಗಡಿ. ಮದುವೆಯ ಜವಳಿ ಪೂರ್ತಿ ನಮ್ಮಲ್ಲೇ ತೆಗೆದವರಿಗೆ ಮದುಮಗನ ಮೆರವಣಿಗೆಗೆ ನಮ್ಮ ಕಾರು ಬಿಟ್ಟಿ. ಈ ವ್ಯಾಪಾರದ ಗುಟ್ಟು ನಾನೇ ಕಂಡುಹಿಡಿದದ್ದು. ಕಾರು ಹಳೆಯದು, ಆದರೆ ಹೂವಿನ ಹಾರ ಹಾಕಿದರೆ ತುಕ್ಕು ಕಾಣುತ್ತಿರಲಿಲ್ಲ. ಬ್ಯಾಂಡಿನವರ ಹಿಂದೆ, ಕುಣಿಯುವವರ ಹಿಂದೆ, ಗ್ಯಾಸ್‌ಲೈಟು ಹೊತ್ತವರ ನಡುವೆ ಮೆಲ್ಲಗೆ ತೆವಳುತ್ತಾ ಅದು ಎಷ್ಟೋ ಮದುಮಕ್ಕಳನ್ನು ಚಪ್ಪರ ಮುಟ್ಟಿಸಿತ್ತು.

ಆ ವರ್ಷ ಎಂಜಿನ್ನಿನ ಹೆಡ್ಡು ಬಿರುಕು ಬಿಟ್ಟಿತು. ಹೆಡ್ಡು ಎಂದರೆ ಎಂಜಿನ್ನಿನ ಮೇಲಿನ ಮುಚ್ಚಳ. ಗಾಳಿ, ಪೆಟ್ರೋಲನ್ನು ಒಳಕ್ಕೆ ಬಿಟ್ಟು ಹೊಗೆಯನ್ನು ಹೊರಕ್ಕೆ ದಬ್ಬುವ ವಾಲ್ವುಗಳು ಇರುವುದು ಅದರಲ್ಲೇ. ಸರಿಯಾಗಿ ಅದೇ ಹೊತ್ತಿಗೆ ಜಗಳೂರಿನಲ್ಲಿ ನಮ್ಮ ಶಾಂತಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಭಾವ ತೀರಿಕೊಂಡ ಮೇಲೆ ಅಕ್ಕ ಹೊಲಿಗೆ ಯಂತ್ರ ತುಳಿದು ಮಗಳನ್ನು ಬೆಳೆಸಿದವಳು. ಅವಳು ನಕ್ಕದ್ದನ್ನು ನಾನು ನೋಡಿ ಎಷ್ಟೋ ವರ್ಷಗಳಾಗಿದ್ದವು. ಬೀಗರು ನ್ಯಾಮತಿಯವರು. ಮಾತುಕತೆಯ ದಿನ ಹುಡುಗನ ತಂದೆ ಮರುಳಪ್ಪನವರು ಕೇಳಿದ್ದು ಒಂದೇ ಒಂದು.

"ನಮಗೆ ಬಂಗಾರ ಗಿಂಗಾರ ಏನೂ ಬ್ಯಾಡ್ರಿ. ನಮ್ಮ ಹುಡುಗ ಮಾತ್ರ ಕಾರಿನಾಗೆ ಮೆರವಣಿಗೆ ಬರಬೇಕು. ಅಷ್ಟು ಮಾಡಿಕೊಡ್ರಿ ಸಾಕು."

ಎಲ್ಲರೂ ಹುಡುಗಿಯ ಸೋದರಮಾವನ ಕಡೆ, ಎಂದರೆ ನನ್ನ ಕಡೆ ನೋಡಿದರು. ಸೋದರಮಾವ ಎದೆಯುಬ್ಬಿಸಿ, "ನಾನೇ ಓಡಿಸ್ತೀನಿ!" ಅಂದ. ಹೊರಡುವಾಗ ಅಕ್ಕ ಬಾಗಿಲ ಹತ್ತಿರ ನನ್ನ ಕೈ ಹಿಡಿದುಕೊಂಡಳು. "ಅವರು ಕೇಳಿದ್ದೇ ಅದೊಂದು ಕಣೋ ತಮ್ಮಾ. ಬೀಗರ ಮುಂದೆ ನನ್ನ ಮಾನ ನಿನ್ನ ಕೈಲೈತೆ" ಎಂದಳು.

ಹೊನ್ನಾಳಿಯ ಮೆಕ್ಯಾನಿಕ್ ಬಸಣ್ಣ ಉತ್ಸಾಹದಲ್ಲಿ ನನಗೆ ತಕ್ಕ ಜೋಡಿ. ಅವನು ಎರಡು ದಾರಿ ತೋರಿಸಿದ. ಹಳೆಯ ಹೆಡ್ಡಿಗೇ ಬೆಸುಗೆ ಹಾಕಿಸಿ ವಾಲ್ವು ಉಜ್ಜಿಸುವುದು ಒಂದು. ದಾವಣಗೆರೆಯ ಗುಜರಿಯಲ್ಲಿ ಸಿಕ್ಕಿದ, ಇದೇ ಜಾತಿಯ ದೊಡ್ಡ ಕಾರಿನ ಹೆಡ್ಡು ಕೂರಿಸುವುದು ಇನ್ನೊಂದು. ಖರ್ಚು ಹೆಚ್ಚುಕಡಿಮೆ ಒಂದೇ. ಆದರೆ ಎರಡನೆಯದರ ವಾಲ್ವು ಇದಕ್ಕಿಂತ ಅಗಲ!

"ವಾಲ್ವು ಅಂದ್ರೆ ಎಂಜಿನ್ನಿನ ಮೂಗು ಸಾವ್ಕಾರ್ರೇ. ಮೂಗು ದೊಡ್ಡದಾದ್ರೆ ಉಸಿರು ದೊಡ್ಡದು, ಉಸಿರು ದೊಡ್ಡದಾದ್ರೆ ಓಟ ದೊಡ್ಡದು."

"ಹಂಗಾದ್ರೆ ಗಾಳಿ, ಪೆಟ್ರೋಲು ಬೆರೆಸೋ ಕಾರ್ಬುರೇಟರೂ ದೊಡ್ಡದು ಬೇಕೇನೋ?"

"ಬೇಕು. ಆದ್ರೆ ಅದು ಈ ಖರ್ಚಿನಾಗೆ ಆಗಾಕಿಲ್ಲ. ಇರೋದ್ರಾಗೇ ಹೆಂಗಾದ್ರೂ ಹೊಂದಿಸ್ತೀನಿ ಬಿಡ್ರಿ."

ನಾನು ಊರಿಗೆ ಬಂದು ಗಂಭೀರವಾಗಿ ಯೋಚನೆಗೆ ಕುಳಿತೆ. ಅಂಗಡಿಯಲ್ಲಿ ಸೀರೆ ತೋರಿಸುವಾಗಲೂ ವಾಲ್ವೇ ಕಣ್ಣಿಗೆ ಕಟ್ಟುತ್ತಿತ್ತು. ಅದೇ ಬೆಲೆಗೆ ದೊಡ್ಡದು ಸಿಗುವಾಗ ಚಿಕ್ಕದನ್ನು ಯಾರು ತೆಗೆದುಕೊಳ್ಳುತ್ತಾರೆ? ಗಿರಾಕಿಗಳಿಗೆ ನಾನು ದಿನಾ ಹೇಳುವ ಮಾತೇ ಅದು. ನನ್ನ ಮಾತಿಗೆ ನಾನೇ ಬಿದ್ದೆ.

ಹೆಂಡತಿ ಗಿರಿಜೆಗೂ ವಿವರಿಸಿದೆ. ಅವಳು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡಳು.

"ಮೂಗು ದೊಡ್ಡದಾದ್ರೆ ನೆಗಡೀನೂ ದೊಡ್ಡದೇ ಅಲ್ಲೇನ್ರೀ?"

"ನಿನಗೆ ಎಂಜಿನ್ನು ಅರ್ಥ ಆಗಾಕಿಲ್ಲ."

"ಎಂಜಿನ್ನು ಬಿಡ್ರಿ. ಓಟ ಜಾಸ್ತಿ ಆದ್ರೆ ಬ್ಯಾಂಡಿನವರು ಏನು ಮಾಡಬೇಕು, ಓಡಬೇಕಾ?"

ಅವಳು ತಮಾಷೆ ಮಾಡಿದಳೆಂದು ನಾನು ನಕ್ಕುಬಿಟ್ಟೆ. ಅದು ತಮಾಷೆಯಾಗಿರಲಿಲ್ಲ ಎಂಬುದು ತಿಳಿಯಲು ನಾನು ಜಗಳೂರಿನವರೆಗೂ ಹೋಗಬೇಕಾಯಿತು!

ದೊಡ್ಡ ಹೆಡ್ಡು ಕೂತಿತು. ನಾನೂ ಬಸಣ್ಣನೂ ನ್ಯಾಮತಿ ರಸ್ತೆಯಲ್ಲಿ ಕಾರನ್ನು ಎರಡು ಸಲ ಹಾರಿಸಿಕೊಂಡು ಹೋಗಿ ಬಂದೆವು. ಆಹಾ! ನಿಧಾನವಾಗಿ ಓಡಿಸಿ ನೋಡಬೇಕೆಂದು ಇಬ್ಬರಿಗೂ ಹೊಳೆಯಲೇ ಇಲ್ಲ. ಜಗಳೂರಿಗೆ ಹೋಗುವಾಗಲಂತೂ ಬಯಲು ರಸ್ತೆಯಲ್ಲಿ ಸರ್ವಿಸ್ ಬಸ್ಸನ್ನು ಹಿಂದೆ ಹಾಕಿದೆ. ಪಕ್ಕದಲ್ಲಿ ಗಿರಿಜೆ ಸೆರಗನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಅದು ಮೆಚ್ಚುಗೆ ಎಂದುಕೊಂಡೆ.

ಸಂಜೆ ಬಸವಣ್ಣನ ಗುಡಿಯ ಮುಂದೆ ಮೆರವಣಿಗೆ ಸಜ್ಜಾಯಿತು. ಪೇಟ ಸುತ್ತಿದ ಮದುಮಗ ಹಿಂದಿನ ಸೀಟಿನಲ್ಲಿ, ನಾನು ಸ್ಟೇರಿಂಗಿನ ಮುಂದೆ. ಬ್ಯಾಂಡು ಶುರುವಾಯಿತು. ನಾನು ಗೇರು ಹಾಕಿ ಎಂದಿನಂತೆ ಮೆಲ್ಲಗೆ ಬಿಟ್ಟೆ. ಕಾರು ಕೆಮ್ಮಿತು, ನಡುಗಿತು, ನಿಂತಿತು.

ಮತ್ತೆ ಸ್ಟಾರ್ಟು ಮಾಡಿದೆ. ಮತ್ತೆ ನಿಂತಿತು! ಓಡುವಾಗ ಎದೆತುಂಬ ಗಾಳಿ ಕುಡಿದ ಎಂಜಿನ್ನಿಗೆ ನಡೆಯುವಾಗ ಉಸಿರೇ ಸಿಗುತ್ತಿಲ್ಲ. ಆ ಅಗಲವಾದ ಮೂಗಿನಲ್ಲಿ, ಆ ಹಳೆಯ ಕಾರ್ಬುರೇಟರಿನಿಂದ, ಅಷ್ಟು ಸಾವಕಾಶವಾಗಿ ಗಾಳಿ ಎಳೆದುಕೊಳ್ಳುವುದು ಅದರ ಕೈಲಾಗದ ಕೆಲಸ. ಬದುಕಿಸಿಡಬೇಕೆಂದರೆ ಎಕ್ಸಿಲರೇಟರು ಒತ್ತಿಯೇ ಇರಬೇಕು. ಒತ್ತಿದೆ. ಕಾರು ಎಷ್ಟು ಜೋರಾಗಿ ಕೂಗಿತೆಂದರೆ ಬ್ಯಾಂಡು ಕೇಳಿಸದೆ ಕುಣಿಯುವವರು ನಿಂತುಬಿಟ್ಟರು. ಕ್ಲಚ್ಚು ಸ್ವಲ್ಪ ಬಿಟ್ಟದ್ದೇ ತಡ, ಕಾರು ಒಂದು ನೆಗೆತ ನೆಗೆಯಿತು. ಡ್ರಮ್ಮಿನವನು ಡ್ರಮ್ಮಿನ ಸಮೇತ ಪಕ್ಕದ ಕಟ್ಟೆ ಹತ್ತಿದ! ಕ್ಲಚ್ಚು ಸುಟ್ಟ ವಾಸನೆ ಮಲ್ಲಿಗೆಯ ವಾಸನೆಯನ್ನು ಮುಚ್ಚಿಹಾಕಿತು. ಕೊನೆಗೆ ಒಂದು ದೀರ್ಘ ನಿಟ್ಟುಸಿರು ಬಿಟ್ಟು ಕಾರು ಪೂರ್ತಿ ಸುಮ್ಮನಾಯಿತು.

ನನಗೆ ಅಕ್ಕನ ಮುಖ ನೆನಪಾಯಿತು. ಅವಳು ಚಪ್ಪರದ ಬಾಗಿಲಲ್ಲಿ ಆರತಿ ಸಿದ್ಧ ಮಾಡಿಕೊಂಡು ಕಾಯುತ್ತಿದ್ದಳು. ನನಗೆ ನಿಜವಾಗಿಯೂ ಅಳು ಬರುವಂತಾಗಿತ್ತು.

"ತಳ್ರೋ!" ಅಂದರು ಮರುಳಪ್ಪನವರು. ಹೊಸ ಪಂಚೆ ಎತ್ತಿ ಕಟ್ಟಿ ತಾವೇ ಮೊದಲು ಕೈ ಹಚ್ಚಿದರು. ಬೀಗರೆಲ್ಲ ಕೈ ಹಚ್ಚಿದರು. ರಸ್ತೆ ಏರಿದ ಕಡೆ ಕಾರು ಜಗ್ಗಲಿಲ್ಲ. ಆಗ ಮದುಮಗ, "ಅಪ್ಪಾ, ನಂದೂ ಒಂದು ಕೈ ಇರ್ಲಿ" ಎನ್ನುತ್ತಾ ಕೆಳಗಿಳಿದ. ನಾನೂ ಇಳಿಯಲು ಹೋದೆ. "ನೀವು ಕೂತ್ಕೊಳ್ರಿ, ಸ್ಟೇರಿಂಗು ಹಿಡಿಯೋರು ಯಾರು?" ಎಂದು ಎಲ್ಲರೂ ಗದರಿದರು.

ಹೀಗೆ, ಮುಂದೆ ಬ್ಯಾಂಡು, ಸುತ್ತಲೂ ಗ್ಯಾಸ್‌ಲೈಟು, ಹೂವಿನ ಕಾರಿನಲ್ಲಿ ನಾನೊಬ್ಬನೇ! ಮದುಮಗ ಪೇಟ ಓರೆಯಾಗಿ ಹಿಂದಿನಿಂದ ತಳ್ಳುತ್ತಿರಲು, ನನ್ನ ಮೆರವಣಿಗೆ ಸಾಂಗವಾಗಿ ಚಪ್ಪರ ತಲುಪಿತು.

ಶಾಂತಕ್ಕನ ಅತ್ತೆಗೆ ಕಣ್ಣು ಮಂಜು. ವರನಿಗೆ ಮೊದಲ ಆರತಿ ಮನೆಯ ಹಿರಿಯಳದೇ ಆಗಬೇಕೆಂದು ಮುಂದೆ ಬಂದರು. ಕಾರಿನ ಬಾಗಿಲು ತೆಗೆದ ನನ್ನ ಹಣೆಗೆ ಕುಂಕುಮ ಒತ್ತಿ, ಸಾವಕಾಶವಾಗಿ ಆರತಿ ಬೆಳಗಿ, ದೀಪದ ಬೆಳಕಿನಲ್ಲಿ ನನ್ನನ್ನು ಹತ್ತಿರದಿಂದ ನೋಡಿದರು.

"ಹುಡುಗ ಸ್ವಲ್ಪ ವಯಸ್ಸಾದಂಗೆ ಕಾಣ್ತಾನಲ್ಲೇ ಶಾಂತಾ!"

ಅಕ್ಕ ಹೆದರಿ ಬೀಗರ ಕಡೆ ನೋಡಿದಳು. ಮರುಳಪ್ಪನವರು ಬೆವರು ಒರೆಸಿಕೊಳ್ಳುತ್ತಾ ಮುಂದೆ ಬಂದರು.

"ಹುಡುಗ ಕಾರಿನಾಗೆ ಬರಬೇಕು ಅಂದಿದ್ದೆ ತಂಗೀ" ಎಂದರು. "ಕಾರನ್ನೂ ಕರಕೊಂಡು ಬಂದಾನೆ. ಇನ್ನೇನು ಬೇಕು?"

ಅಷ್ಟು ಹೇಳಿ ಅವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ಶಾಂತಕ್ಕ ನಕ್ಕಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಅದು ನನ್ನ ಮೇಲಿನ ನಗು ಎಂಬುದು ಆಮೇಲೆ ಹೊಳೆಯಿತು.

ಊರಿಗೆ ಬಂದ ಮೇಲೆ ಹಳೆಯ ಹೆಡ್ಡಿಗೇ ಬೆಸುಗೆ ಹಾಕಿಸಿದೆ. ಕಾರು ಮೊದಲಿನಂತೆ ಬ್ಯಾಂಡಿನ ಹಿಂದೆ ತೆವಳತೊಡಗಿತು. ದೊಡ್ಡ ಹೆಡ್ಡು ಮಾತ್ರ ಅಂಗಡಿಯಲ್ಲೇ ಉಳಿಯಿತು. ಗಾಳಿಗೆ ಬಾಗಿಲು ಬಡಿಯದಿರಲೆಂದು ಗಿರಿಜೆ ಅದನ್ನು ಅಡ್ಡ ಇಟ್ಟಿದ್ದಾಳೆ. "ಏನದು ಸಾವ್ಕಾರ್ರೇ?" ಎಂದು ಗಿರಾಕಿಗಳು ಕೇಳುತ್ತಾರೆ. ನಾನು ಬಾಯಿ ತೆಗೆಯುವ ಮೊದಲೇ ಗಿರಿಜೆ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಉತ್ತರಿಸುತ್ತಾಳೆ:

"ಅದಾ? ನಮ್ಮನೆಯವರ ಎರಡನೇ ಮದುವೆ ಉಡುಗೊರೆ."